ಬಿಸಿಲೇರಿದರೆ ಹೆಲಿಕಾಪ್ಟರ್‌ಗೆ ಭಾರ ಎತ್ತೋಕೆ ಯಾಕೆ ಕಷ್ಟ?

ಪ್ರಶ್ನೆ: ನಮ್ಮದು ಬೇಲೂರು ತಾಲೂಕಿನ ಒಂದು ಹಳ್ಳಿ. ಹೋದ ಏಪ್ರಿಲ್‌ನಲ್ಲಿ ನಮ್ಮೂರಿನ ಮದುವೆಯೊಂದಕ್ಕೆ ಗಂಡು ಹೆಲಿಕಾಪ್ಟರ್‌ನಲ್ಲಿ ಬಂದ. ಹೈಸ್ಕೂಲ್ ಮೈದಾನದಲ್ಲಿ ಇಳಿಯಿತು. ಬೆಳಿಗ್ಗೆ ಎಂಟಕ್ಕೆ ಬಂದಾಗ ಪೈಲಟ್ ಬಿಟ್ಟು ಐದು ಜನ ಇದ್ದರು. ಮಧ್ಯಾಹ್ನ ಮೂರಕ್ಕೆ ಹೊರಡುವಾಗ ಗಂಡು, ಹೆಣ್ಣು, ಗಂಡಿನ ತಾಯಿ, ಈ ಮೂವರನ್ನು ಮಾತ್ರ ಹತ್ತಿಸಿಕೊಂಡರು. ‘ಬಿಸಿಲು ಜಾಸ್ತಿಯಾಗಿದೆ, ಅಷ್ಟು ಭಾರ ಎತ್ತೋಕಾಗಲ್ಲ’ ಅಂದರಂತೆ ಪೈಲಟ್. ಗಂಡಿನ ಸೋದರಮಾವ ಮುಖ ಊದಿಸಿಕೊಂಡು ಕಾರು ಹತ್ತಿದರು. ಬಿಸಿಲಿಗೂ ಭಾರಕ್ಕೂ ಏನು ಸಂಬಂಧ? ಇನ್ನೊಂದು, ಅದು ನೆಟ್ಟಗೆ ಮೇಲಕ್ಕೆ ಹೋಗಲಿಲ್ಲ. ಆಳೆತ್ತರ ಎದ್ದು, ಮೂತಿ ತಗ್ಗಿಸಿ, ಮೈದಾನದ ಉದ್ದಕ್ಕೂ ಓಡಿ ಆಮೇಲೆ ಏರಿತು. ಪಿಯುಸಿ ಓದುವ ನನ್ನ ಮಗ ‘ಬ್ಲೇಡಿನ ಮೇಲೆ ಗಾಳಿ ಬೇಗ ಓಡುತ್ತೆ, ಅದಕ್ಕೇ ಏರುತ್ತೆ’ ಅನ್ನುತ್ತಾನೆ. ನಮ್ಮ ಯಜಮಾನರು ‘ಗಾಳೀನ ಕೆಳಕ್ಕೆ ತಳ್ಳುತ್ತೆ, ಅಷ್ಟೇ’ ಅನ್ನುತ್ತಾರೆ. ಯಾರು ಸರಿ? ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತಾ?

ಉತ್ತರ: ಸೋದರಮಾವನ ಸಿಟ್ಟು ಅರ್ಥವಾಗುತ್ತದೆ. ಮದುವೆ ಮನೆಯಲ್ಲಿ ಅವರಿಗಿರುವ ಸ್ಥಾನವೇ ಬೇರೆ. ಆದರೆ ಪೈಲಟ್ ನೆಪ ಹೇಳಲಿಲ್ಲ. ನಾನು ವಾಯುಪಡೆಯಲ್ಲಿ ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯಾದ ಮೇಲೆ ಹಾಸನದಲ್ಲಿ ಮನೆ ಮಾಡಿಕೊಂಡಿದ್ದೇನೆ. ಹತ್ತುವ ಮೊದಲು ಬ್ಯಾಗುಗಳನ್ನೆಲ್ಲ ತಕ್ಕಡಿಗೆ ಹಾಕಿಸಿ, ಒಂದೆರಡನ್ನು ವಾಪಸ್ ಇಳಿಸುವ ಕೆಲಸ ನಾನೂ ಎಷ್ಟೋ ಸಲ ಮಾಡಿದ್ದೇನೆ. ಅದಕ್ಕೆ ಬೈಸಿಕೊಂಡಿದ್ದೂ ಉಂಟು.

ನಿಮ್ಮ ಮನೆಯ ಜಗಳದಿಂದಲೇ ಶುರು ಮಾಡೋಣ. ಯಜಮಾನರು ಹೇಳಿದ್ದು ಸರಿ. ಮಗ ಹೇಳಿದ್ದರಲ್ಲಿ ಅರ್ಧ ಸರಿ, ಆ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಕೆರೆಯಲ್ಲಿ ತೆಪ್ಪದ ಮೇಲೆ ನಿಂತು ದಡಕ್ಕೆ ಜಿಗಿದರೆ ತೆಪ್ಪ ಹಿಂದಕ್ಕೆ ಹೋಗುತ್ತದೆ. ನೀವು ತೆಪ್ಪವನ್ನು ತಳ್ಳಿದಿರಿ, ತೆಪ್ಪ ನಿಮ್ಮನ್ನು ತಳ್ಳಿತು. ಹೆಲಿಕಾಪ್ಟರ್ ಮಾಡುವುದೂ ಇದನ್ನೇ. ಅದಕ್ಕೆ ತುಳಿಯಲು ನೆಲವಿಲ್ಲ, ತೆಪ್ಪವಿಲ್ಲ. ಇರುವುದು ಸುತ್ತಲಿನ ಗಾಳಿ ಮಾತ್ರ. ಮೇಲಿನಿಂದ ಗಾಳಿಯನ್ನು ಎಳೆದುಕೊಂಡು ಕೆಳಕ್ಕೆ ಎಸೆಯುತ್ತದೆ. ಎಸೆದ ಗಾಳಿ ತಿರುಗಿ ಅದನ್ನು ಮೇಲಕ್ಕೆ ಒತ್ತುತ್ತದೆ. ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ಕೂಡ ತಿರುಗುವಾಗ ಕೊಕ್ಕೆಯ ಮೇಲೆ ಸ್ವಲ್ಪ ಕಡಿಮೆ ಭಾರ ಹಾಕುತ್ತದೆ. ಹಾರಿ ಹೋಗುವಷ್ಟು ಶಕ್ತಿ ಅದಕ್ಕಿಲ್ಲ, ಅಷ್ಟೇ.

ಗಾಳಿಗೆ ತೂಕವೇ ಇಲ್ಲ, ಅದನ್ನು ಎಸೆದರೆ ಏನು ಸಿಗುತ್ತೆ ಅಂತ ಅನ್ನಿಸಬಹುದು. ಲೆಕ್ಕ ಮಾಡಿ ನೋಡೋಣ. ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಮೀಟರ್ ಇರುವ ಪೆಟ್ಟಿಗೆ ಅಂದುಕೊಳ್ಳಿ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ, ಆ ಪೆಟ್ಟಿಗೆಯೊಳಗಿನ ಗಾಳಿ 1,225 ಗ್ರಾಂ ತೂಗುತ್ತದೆ. ಒಂದೂಕಾಲು ಕಿಲೋ ಹತ್ತಿರ. ಬೇಲೂರು, ಹಾಸನ ಎರಡೂ ಸಮುದ್ರ ಮಟ್ಟದಿಂದ 950ರಿಂದ 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಏಪ್ರಿಲ್ ಬೆಳಿಗ್ಗೆ 20 ಡಿಗ್ರಿ ಇದ್ದರೆ ಅದೇ ಪೆಟ್ಟಿಗೆಯಲ್ಲಿ ಸುಮಾರು 1,070 ಗ್ರಾಂ ಗಾಳಿ ಇರುತ್ತದೆ.

ಈಗ ಚೇತಕ್ ತೆಗೆದುಕೊಳ್ಳೋಣ. ನನಗೆ ಕೈಯಾರೆ ಗೊತ್ತಿರುವ ಯಂತ್ರ ಅದು. ಫ್ರಾನ್ಸ್‌ನ ವಿನ್ಯಾಸ, ಇಲ್ಲಿ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ್ದು. ಮೂರು ಬ್ಲೇಡ್. ಅವು ತಿರುಗುವಾಗ ಆಗುವ ಚಕ್ರದ ಅಡ್ಡಗಲ 11 ಮೀಟರ್. ಪೂರ್ತಿ ಹೇರಿದರೆ 2,200 ಕಿಲೋ. ಇಷ್ಟು ಭಾರ ನಿಮ್ಮೂರ ಮೈದಾನದ ಮೇಲೆ ಗಾಳಿಯಲ್ಲಿ ಅಲುಗದೆ ನಿಲ್ಲಬೇಕಾದರೆ ಅದು ಸೆಕೆಂಡಿಗೆ ಹೆಚ್ಚುಕಡಿಮೆ 1,050 ಕಿಲೋ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. 50 ಕಿಲೋದ ಕಾಫಿ ಮೂಟೆ ಲೆಕ್ಕದಲ್ಲಿ ಸೆಕೆಂಡಿಗೆ 21 ಮೂಟೆ! ಆ ಗಾಳಿ ಚಕ್ರದ ಕೆಳಗೆ ಕೊನೆಗೆ ಗಂಟೆಗೆ 74 ಕಿ.ಮೀ. ಆಸುಪಾಸಿನ ವೇಗ ಪಡೆಯುತ್ತದೆ. ಮದುವೆ ಶಾಮಿಯಾನ ಹತ್ತಿರದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಇದರಿಂದಲೇ ಊಹಿಸಿ.

ಇಲ್ಲೊಂದು ಜಿಪುಣತನದ ಲೆಕ್ಕ ಇದೆ. ಹೆಲಿಕಾಪ್ಟರ್‌ನ ಬ್ಲೇಡ್ ಯಾಕೆ ಅಷ್ಟುದ್ದ? ಚಿಕ್ಕ ಫ್ಯಾನ್ ಹಾಕಿ ಜೋರಾಗಿ ತಿರುಗಿಸಿದರೆ ಆಗಲ್ವಾ? ಆಗುತ್ತದೆ, ಆದರೆ ದುಬಾರಿ. ಅರ್ಧದಷ್ಟು ಗಾಳಿಯನ್ನು ಎರಡು ಪಟ್ಟು ವೇಗದಲ್ಲಿ ಎಸೆದರೂ ಅಷ್ಟೇ ಎತ್ತುವ ಬಲ ಸಿಗುತ್ತದೆ. ಖರ್ಚಾಗುವ ಶಕ್ತಿ ಮಾತ್ರ ಎರಡು ಪಟ್ಟು. ಯಾಕೆಂದರೆ ಬಲ ವೇಗದ ಜೊತೆ ಏರಿದರೆ, ಶಕ್ತಿ ವೇಗದ ವರ್ಗದ ಜೊತೆ ಏರುತ್ತದೆ. ಹಾಗಾಗಿ ತುಂಬಾ ಗಾಳಿಯನ್ನು ಮೆಲ್ಲಗೆ ತಳ್ಳುವವನೇ ಜಾಣ. ಬಿಸಿಲಿನ ಪ್ರಶ್ನೆ, ಮುಂದಕ್ಕೆ ಓಡಿದ ಪ್ರಶ್ನೆ, ಎರಡಕ್ಕೂ ಉತ್ತರ ಈ ಒಂದು ಮಾತಿನಲ್ಲೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಮಗನ ವಿಷಯ. ಬ್ಲೇಡಿನ ಮೇಲ್ಭಾಗ ಉಬ್ಬಿರುತ್ತದೆ, ಅಲ್ಲಿನ ಗಾಳಿ ದೂರ ಹೋಗಬೇಕು, ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚು ತಲುಪಬೇಕಾದ್ದರಿಂದ ಬೇಗ ಓಡುತ್ತದೆ ಅಂತ ಎಷ್ಟೋ ಕಡೆ ಕಲಿಸುತ್ತಾರೆ. ಜೊತೆಗೇ ತಲುಪಬೇಕು ಅಂತ ಗಾಳಿಗೆ ಯಾರೂ ಕಟ್ಟಳೆ ಹಾಕಿಲ್ಲ. ನಿಜದಲ್ಲಿ ಮೇಲಿನ ಗಾಳಿ ಮೊದಲೇ ತಲುಪಿಬಿಡುತ್ತದೆ. ಮೇಲೂ ಕೆಳಗೂ ಒಂದೇ ಆಕಾರದ ಬ್ಲೇಡ್ ಹಾಕಿಕೊಂಡು ದಶಕಗಟ್ಟಲೆ ಹಾರಿದ ಹೆಲಿಕಾಪ್ಟರ್‌ಗಳೂ ಇವೆ. ಆ ವಿವರಣೆ ಸರಿಯಾಗಿದ್ದರೆ ಅವು ನೆಲ ಬಿಟ್ಟು ಏಳಲೇಬಾರದಿತ್ತು.

ಆದರೆ ಮೇಲೆ ಗಾಳಿ ಬೇಗ ಓಡುವುದು ನಿಜ, ಅಲ್ಲಿ ಒತ್ತಡ ಕಡಿಮೆಯಾಗುವುದೂ ನಿಜ. ಬ್ಲೇಡ್ ತುಸು ಓರೆಯಾಗಿ ಗಾಳಿಯನ್ನು ಸೀಳುವಾಗ ಗಾಳಿ ಅದರ ಮೈಗೆ ಅಂಟಿಕೊಂಡು ಕೆಳಮುಖವಾಗಿ ಬಾಗುತ್ತದೆ. ಹಾಗೆ ಬಾಗಿಸುವ ಕೆಲಸದಲ್ಲೇ ಮೇಲೆ ಒತ್ತಡ ಇಳಿದು ಕೆಳಗೆ ಏರಿರುತ್ತದೆ. ಒತ್ತಡದ ವ್ಯತ್ಯಾಸ ಬೇರೆ, ಗಾಳಿ ತಳ್ಳುವುದು ಬೇರೆ ಅಲ್ಲ. ಒಂದೇ ವ್ಯವಹಾರವನ್ನು ಕೊಟ್ಟವನು ತನ್ನ ಪುಸ್ತಕದಲ್ಲಿ, ತೆಗೆದುಕೊಂಡವನು ತನ್ನ ಪುಸ್ತಕದಲ್ಲಿ ಬರೆದುಕೊಂಡ ಹಾಗೆ. ಮೊತ್ತ ಎರಡರಲ್ಲೂ ಒಂದೇ. ಚೇತಕ್‌ನ 2,200 ಕಿಲೋವನ್ನು ಆ ಚಕ್ರದ ವಿಸ್ತೀರ್ಣಕ್ಕೆ ಹಂಚಿದರೆ ಚದರ ಮೀಟರಿಗೆ 23 ಕಿಲೋ ಬರುತ್ತದೆ. ನಮ್ಮೂರುಗಳಲ್ಲಿ ಗಾಳಿ ಒಂದು ಚದರ ಮೀಟರ್ ಮೇಲೆ ಒತ್ತುವುದು ಒಂಬತ್ತು ಸಾವಿರ ಕಿಲೋಗೂ ಮಿಕ್ಕಿ. ಅದರಲ್ಲಿ ಸಾವಿರಕ್ಕೆ ಎರಡೂವರೆ ಪಾಲಿನಷ್ಟು ಆಚೀಚೆ ಮಾಡಿದರೆ ಹೆಲಿಕಾಪ್ಟರ್ ಗಾಳಿಯಲ್ಲಿ ನಿಲ್ಲುತ್ತದೆ.

ಓರೆ ಎಂದೆನಲ್ಲ, ಅದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಹೆಲಿಕಾಪ್ಟರ್ ಏರಬೇಕಾದರೆ ಬ್ಲೇಡ್ ಇನ್ನೂ ಜೋರಾಗಿ ತಿರುಗುತ್ತದೆ ಅಂದುಕೊಳ್ಳುತ್ತಾರೆ. ತೋಟಕ್ಕೆ ಔಷಧಿ ಸಿಂಪಡಿಸುವ ಡ್ರೋನ್ ಹಾಗೆ ಮಾಡುತ್ತದೆ, ನಿಜ. ಹೆಲಿಕಾಪ್ಟರ್ ಹಾಗಲ್ಲ. ಚೇತಕ್ ಏರಲಿ, ಇಳಿಯಲಿ, ನಿಲ್ಲಲಿ, ಅದರ ರೋಟರ್, ಅಂದರೆ ತಿರುಗುವ ಬ್ಲೇಡ್‌ಗಳ ಚಕ್ರ, ನಿಮಿಷಕ್ಕೆ ಸುಮಾರು 350 ಸುತ್ತಿನಲ್ಲೇ ಇರುತ್ತದೆ. ಬದಲಾಗುವುದು ಬ್ಲೇಡಿನ ಓರೆ. ಪೈಲಟ್‌ನ ಎಡಗೈ ಪಕ್ಕದಲ್ಲಿ ಕಾರಿನ ಹ್ಯಾಂಡ್‌ಬ್ರೇಕ್ ತರಹದ ಒಂದು ಲಿವರ್ ಇರುತ್ತದೆ. ಅದನ್ನು ಮೇಲಕ್ಕೆತ್ತಿದರೆ ಎಲ್ಲ ಬ್ಲೇಡ್‌ಗಳೂ ಒಟ್ಟಿಗೆ ಇನ್ನಷ್ಟು ಓರೆಯಾಗಿ ಜಾಸ್ತಿ ಗಾಳಿಯನ್ನು ಕೆಳಕ್ಕೆ ಒತ್ತುತ್ತವೆ. ಬೈಕಿನ ಹಿಂದೆ ಕೂತು ಒಂದು ರಟ್ಟನ್ನು ಅಡ್ಡ ಹಿಡಿದು, ಮುಂದಿನ ಅಂಚನ್ನು ಚೂರೇ ಚೂರು ಎತ್ತಿದರೆ ಕೈ ತಾನಾಗಿ ಮೇಲಕ್ಕೆ ಹೋಗುತ್ತದಲ್ಲ, ಅದೇ ಇದು. ತೀರಾ ಎತ್ತಿದರೆ ರಟ್ಟು ಏರುವುದನ್ನು ಬಿಟ್ಟು ಸುಮ್ನೆ ಹಿಂದಕ್ಕೆ ಎಳೆಯುತ್ತದೆ. ಬ್ಲೇಡಿಗೂ ಆ ಮಿತಿ ಇದೆ. ಅದನ್ನು ದಾಟಿದರೆ ಗಾಳಿ ಬ್ಲೇಡಿನ ಬೆನ್ನು ಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ.

ಈ ಓರೆ ಎಷ್ಟು ಸೂಕ್ಷ್ಮ ಅಂತ ನನಗೆ ಗೊತ್ತಾಗಿದ್ದು ಒಂದು ಬಿಳಿ ಬಟ್ಟೆಯಿಂದ. ಹಳೆಯ ಕಾಲದಲ್ಲಿ ಬ್ಲೇಡ್‌ಗಳು ಒಂದೇ ದಾರಿಯಲ್ಲಿ ತಿರುಗುತ್ತಿವೆಯೇ ಅಂತ ನೋಡಲು ಒಂದೊಂದು ಬ್ಲೇಡಿನ ತುದಿಗೂ ಒಂದೊಂದು ಬಣ್ಣ ಬಳಿಯುತ್ತಿದ್ದೆವು. ಕೆಂಪು, ನೀಲಿ, ಹಸಿರು. ಉದ್ದ ಗಳಕ್ಕೆ ಬಿಳಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಎಂಜಿನ್ ಓಡುತ್ತಿರುವಾಗಲೇ ತಿರುಗುವ ಚಕ್ರದ ಅಂಚಿಗೆ ಮೆಲ್ಲಗೆ ತಾಗಿಸಬೇಕು. ಟಪ್ ಅಂತ ಒಂದು ಸದ್ದು. ಅಷ್ಟರಲ್ಲಿ ಬಟ್ಟೆಯ ಮೇಲೆ ಮೂರು ಬಣ್ಣದ ಗೆರೆ ಬಿದ್ದಿರುತ್ತಿತ್ತು. ಮೂರೂ ಒಂದರ ಮೇಲೊಂದು ಬಿದ್ದರೆ ಸರಿ. ನೀಲಿ ಎರಡು ಬೆರಳು ಮೇಲಿದ್ದರೆ ಆ ಬ್ಲೇಡ್ ಮಿಕ್ಕವಕ್ಕಿಂತ ಜಾಸ್ತಿ ಎತ್ತುತ್ತಿದೆ ಅಂತ ಅರ್ಥ. ಎಂಜಿನ್ ನಿಲ್ಲಿಸಿ, ಓರೆಯನ್ನು ಹಿಡಿದಿಡುವ ಸರಳನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಶುರು. ಅರ್ಧ ಸುತ್ತಿಗೆ ಗೆರೆ ಕೆಳಗಿಳಿಯುತ್ತಿತ್ತು. ಮೊದಲ ಸಲ ಗಳ ಹಿಡಿದಾಗ ನನ್ನ ಮೊಣಕಾಲು ನಡುಗಿದ್ದನ್ನು ಇನ್ನೂ ಮರೆತಿಲ್ಲ. ತಲೆ ಮೇಲೆ ಆ ತುದಿ ಗಂಟೆಗೆ 700 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೋಗುತ್ತಿರುತ್ತದೆ.

ಈಗ ಬಿಸಿಲು. ಗಾಳಿ ಕಾದರೆ ಹಿಗ್ಗುತ್ತದೆ. ಅದೇ ಒಂದು ಮೀಟರ್ ಪೆಟ್ಟಿಗೆಯಲ್ಲಿ ಮೊದಲಿನಷ್ಟು ಗಾಳಿ ಹಿಡಿಸುವುದಿಲ್ಲ. ಬೆಳಿಗ್ಗೆ ಎಂಟಕ್ಕೆ 1,070 ಗ್ರಾಂ ಇದ್ದದ್ದು ಮಧ್ಯಾಹ್ನ 34 ಡಿಗ್ರಿಗೆ ಸುಮಾರು 1,025 ಗ್ರಾಂಗೆ ಇಳಿಯುತ್ತದೆ. ಬರೀ 45 ಗ್ರಾಂ, ಅದೇನು ಮಹಾ ಅನ್ನಬೇಡಿ. ಬ್ಲೇಡ್ ಅಷ್ಟೇ ತಿರುಗಿದರೂ ಅದರ ಕೈಗೆ ಸಿಗುವ ಗಾಳಿ ಕಡಿಮೆ. ಕಡಿಮೆ ಗಾಳಿಯಿಂದ ಅಷ್ಟೇ ಬಲ ಬೇಕೆಂದರೆ ಅದನ್ನು ಇನ್ನೂ ಜೋರಾಗಿ ಎಸೆಯಬೇಕು. ಜೋರಾಗಿ ಎಸೆಯುವುದು ದುಬಾರಿ ಅಂತ ಆಗಲೇ ನೋಡಿದೆವು.

ಇಲ್ಲಿಗೇ ಮುಗಿಯಲಿಲ್ಲ. ಎಂಜಿನ್ ಉಸಿರಾಡುವುದೂ ಇದೇ ಗಾಳಿಯನ್ನು. ಗಾಳಿ ತೆಳುವಾದರೆ, ಬಿಸಿಯಾದರೆ ಅದರ ಶಕ್ತಿಯೂ ಕುಗ್ಗುತ್ತದೆ. ಅಂದರೆ ಕೆಲಸ ಜಾಸ್ತಿಯಾದ ಹೊತ್ತಿಗೇ ಆಳು ಸುಸ್ತಾದ ಹಾಗೆ. ನಿಜ ಹೇಳಬೇಕೆಂದರೆ ಬರೀ ಗಾಳಿ ತೆಳುವಾದದ್ದರಿಂದ ಬ್ಲೇಡಿಗೆ ಆಗುವ ನಷ್ಟ ಸಣ್ಣದು. ದೊಡ್ಡ ಹೊಡೆತ ಎಂಜಿನ್‌ನದು.

ಒಂದು ಉದಾಹರಣೆ ಲೆಕ್ಕ. ನಿಮ್ಮೂರಿಗೆ ಬಂದದ್ದು ಹೆಚ್ಚುಕಡಿಮೆ ಚೇತಕ್‌ನ ಭಾರದ್ದೇ ಯಂತ್ರ, ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಅದರ ಎಂಜಿನ್ ಶಕ್ತಿ ನೂರಕ್ಕೆ ಹತ್ತರಷ್ಟು ಇಳಿಯಿತು ಅಂತ ಇಟ್ಟುಕೊಳ್ಳಿ. ತೆಳುವಾದ ಗಾಳಿಯನ್ನೂ ಸೇರಿಸಿದರೆ ಎತ್ತಬಹುದಾದ ಭಾರ ನೂರಕ್ಕೆ ಎಂಟರಷ್ಟು ಕಡಿಮೆಯಾಗುತ್ತದೆ. 2,200 ಕಿಲೋದಲ್ಲಿ ಅದು 175 ಕಿಲೋ ದಾಟುತ್ತದೆ. ಇಬ್ಬರು ದೊಡ್ಡವರು, ಮದುವೆ ಊಟ ಮಾಡಿದವರು, ಜೊತೆಗೆ ಅವರ ಬ್ಯಾಗು. ಸೋದರಮಾವನ ಸೀಟು ಹೋಗಿದ್ದು ಹೀಗೆ. ಇಂಧನ ಕಡಿಮೆ ಹಾಕಿಕೊಂಡು ಜನರನ್ನು ಹತ್ತಿಸಬಹುದಿತ್ತಲ್ಲ ಅಂತ ಕೇಳಬಹುದು. ಹಾಗೆ ಮಾಡಿದರೆ ದಾರಿ ಮಧ್ಯೆ ಇನ್ನೊಂದು ಹೈಸ್ಕೂಲ್ ಮೈದಾನ ಹುಡುಕಬೇಕಾಗುತ್ತದೆ.

ಪೈಲಟ್‌ಗಳು ಇದನ್ನು ಎತ್ತರದ ಲೆಕ್ಕದಲ್ಲಿ ನೋಡುತ್ತಾರೆ. ಈಗಿನ ಗಾಳಿ ಎಷ್ಟು ತೆಳುವಾಗಿದೆಯೋ, ತಂಪು ದಿನದ ಲೆಕ್ಕದಲ್ಲಿ ಅಷ್ಟು ತೆಳು ಗಾಳಿ ಎಷ್ಟು ಎತ್ತರದಲ್ಲಿ ಸಿಗುತ್ತದೆ ಅಂತ ಕೋಷ್ಟಕ ನೋಡುತ್ತಾರೆ. 34 ಡಿಗ್ರಿಯ ಆ ಮಧ್ಯಾಹ್ನ ನಿಮ್ಮ ಮೈದಾನದ ಗಾಳಿ 1,800 ಮೀಟರ್ ಎತ್ತರದ ಗಾಳಿಯಂತಿತ್ತು. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ನಿಮ್ಮ ಊರಿನಿಂದ ಶುಭ್ರ ದಿನದಲ್ಲಿ ಆ ಗಿರಿಸಾಲು ಕಾಣುತ್ತಿರಬಹುದು. ನಿಮ್ಮ ಕಣ್ಣಿಗೆ ಹೆಲಿಕಾಪ್ಟರ್ ಗೋಲ್‌ಪೋಸ್ಟ್ ಪಕ್ಕ ನಿಂತಿತ್ತು, ಅದರ ರೋಟರ್ ಪಾಲಿಗೆ ಮಾತ್ರ ಹೆಚ್ಚುಕಡಿಮೆ ಗಿರಿಯ ಮೇಲಿತ್ತು.

ಮಳೆಗಾಲದ ತೇವದ ಗಾಳಿ ಭಾರ ಇರುತ್ತೆ ಅಂತ ನಮ್ಮಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಉಲ್ಟಾ. ನೀರಾವಿ ಒಣ ಗಾಳಿಗಿಂತ ಹಗುರ. ತೇವ ಜಾಸ್ತಿಯಾದಷ್ಟೂ ಗಾಳಿ ಇನ್ನಷ್ಟು ತೆಳು. ಆದರೆ ಮಳೆಗಾಲದಲ್ಲಿ ತಂಪೂ ಇರುವುದರಿಂದ ಒಟ್ಟಾರೆ ಅಷ್ಟು ತೊಂದರೆ ಕಾಣುವುದಿಲ್ಲ. ಮೋಡ ಮುಚ್ಚಿ ದಾರಿ ಕಾಣದಿರುವುದೇ ದೊಡ್ಡ ತೊಂದರೆ.

ತೆಳು ಗಾಳಿಯಲ್ಲಿ ಹಾರುವುದಕ್ಕೆ ಹೇಳಿ ಮಾಡಿಸಿದ್ದು ಚೀತಾ. ಚೇತಕ್‌ನ ರೋಟರ್ ವ್ಯವಸ್ಥೆ, ಅದರ ಬಲದ ಎಂಜಿನ್, ಆದರೆ ಮೈ ಮಾತ್ರ ಇನ್ನೂ ಹಗುರ, ಬಾಲವಂತೂ ಬರೀ ಕಂಬಿಗಳ ಚೌಕಟ್ಟು. ಸಿಯಾಚಿನ್‌ನಲ್ಲಿ ನಮ್ಮ ಸೈನಿಕರಿಗೆ ಸಾಮಾನು ಮುಟ್ಟಿಸಿದ್ದು ಇದೇ. ತೆಳು ಗಾಳಿಯ ಅತಿರೇಕ ನೋಡಬೇಕಾದರೆ ಮಂಗಳ ಗ್ರಹಕ್ಕೆ ಹೋಗಬೇಕು. ಅಲ್ಲಿನ ಗಾಳಿಯ ಸಾಂದ್ರತೆ ನಮ್ಮಲ್ಲಿಯ ನೂರರಲ್ಲಿ ಒಂದು ಪಾಲಿನಷ್ಟು. 2021ರ ಏಪ್ರಿಲ್ 19ರಂದು ನಾಸಾದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಅಲ್ಲಿ ಹಾರಿತು. ತೂಕ 1.8 ಕಿಲೋ ಮಾತ್ರ. ಅಷ್ಟನ್ನು ಎತ್ತಲು ತುದಿಯಿಂದ ತುದಿಗೆ 1.2 ಮೀಟರ್ ಇರುವ ಎರಡು ಜೋಡಿ ಬ್ಲೇಡ್‌ಗಳನ್ನು ನಿಮಿಷಕ್ಕೆ 2,400 ಸುತ್ತಿಗೂ ಜಾಸ್ತಿ ತಿರುಗಿಸಬೇಕಾಯಿತು. ಮಂಗಳದಲ್ಲಿ ಗುರುತ್ವ ಕಡಿಮೆ ಇದ್ದೂ ಈ ಪಾಡು.

ಇನ್ನು ಅದು ಮೂತಿ ತಗ್ಗಿಸಿ ಓಡಿದ ವಿಷಯ. ನನಗೆ ಇದರಷ್ಟು ಚೆಂದದ ಪಾಠ ಬೇರೆ ಇಲ್ಲ.

ಕೆಸರು ಗದ್ದೆಯಲ್ಲಿ ನಿಂತಲ್ಲೇ ಕಾಲು ತುಳಿಯುತ್ತಿದ್ದರೆ ಹೂತುಕೊಳ್ಳುತ್ತಾ ಹೋಗುತ್ತೀರಿ, ಅಲ್ವಾ? ಚುರುಕಾಗಿ ನಡೆದರೆ ಪ್ರತಿ ಹೆಜ್ಜೆಗೂ ಹೊಸ ಜಾಗ ಸಿಗುತ್ತದೆ, ಅಷ್ಟು ಹೂಳುವುದಿಲ್ಲ. ಹೆಲಿಕಾಪ್ಟರ್ ಗಾಳಿಯಲ್ಲಿ ನಿಂತಲ್ಲೇ ನಿಂತಾಗ ಅದರ ಬ್ಲೇಡ್‌ಗೆ ಸಿಗುವುದು ಆಗಲೇ ಕೆಳಕ್ಕೆ ಜಾರಲು ಶುರುವಾದ ಗಾಳಿ. ಜಾರುತ್ತಿರುವ ಗಾಳಿಯನ್ನು ಮತ್ತೆ ತಳ್ಳಬೇಕು. ಅದಕ್ಕೇ ನಿಲ್ಲುವುದು ಅದರ ಅತಿ ಕಷ್ಟದ ಕೆಲಸಗಳಲ್ಲಿ ಒಂದು. ನೋಡುವವರಿಗೆ ಆರಾಮಾಗಿ ನಿಂತ ಹಾಗೆ ಕಾಣುತ್ತದೆ, ಎಂಜಿನ್ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಮುಂದಕ್ಕೆ ಚಲಿಸಿದ ಕೂಡಲೇ ಪ್ರತಿ ಸೆಕೆಂಡಿಗೂ ಅಲುಗದ ಹೊಸ ಗಾಳಿ ರಾಶಿ ರಾಶಿಯಾಗಿ ಚಕ್ರಕ್ಕೆ ಬರುತ್ತದೆ. ತುಂಬಾ ಗಾಳಿ, ಮೆಲ್ಲಗೆ ತಳ್ಳಿದರೆ ಸಾಕು. ಅದೇ ಜಿಪುಣತನದ ಲೆಕ್ಕ. ಗಂಟೆಗೆ 30ರಿಂದ 45 ಕಿ.ಮೀ. ವೇಗ ಮುಟ್ಟುವಾಗ ಇಡೀ ಯಂತ್ರ ಒಮ್ಮೆ ಗಡಗಡ ನಡುಗಿ, ಯಾರೋ ಕೆಳಗಿನಿಂದ ಎತ್ತಿದ ಹಾಗೆ ಹಗುರಾಗುತ್ತದೆ. ಒಳಗೆ ಕೂತವರಿಗೆ ಅದು ಹೊಟ್ಟೆಯಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಆ ವೇಗ ಬರುವ ತನಕ ಆಳೆತ್ತರದಲ್ಲೇ ಯಾಕೆ ಓಡಿತು? ಅದಕ್ಕೆ ನೆಲದ ಉಪಕಾರ ಬೇಕಿತ್ತು. ನೆಲ ಹತ್ತಿರ ಇದ್ದಾಗ ಕೆಳಕ್ಕೆ ತಳ್ಳಿದ ಗಾಳಿ ಸಲೀಸಾಗಿ ಇಳಿದು ಹೋಗಲು ಆಗುವುದಿಲ್ಲ, ತಡೆದು ಪಕ್ಕಕ್ಕೆ ಹರಡುತ್ತದೆ. ಬ್ಲೇಡಿಗೆ ಸಿಗುವ ಗಾಳಿ ಅಷ್ಟು ಜಾರುವುದಿಲ್ಲ. ಶಕ್ತಿ ಉಳಿಯುತ್ತದೆ. ರೋಟರ್ ಚಕ್ರದ ಅಡ್ಡಗಲದಷ್ಟು ಎತ್ತರ ಏರುವಷ್ಟರಲ್ಲಿ ಈ ಉಪಕಾರ ಹೆಚ್ಚುಕಡಿಮೆ ಮುಗಿದಿರುತ್ತದೆ. ಬಿಸಿಲಿನಲ್ಲಿ ಕೈಯಲ್ಲಿ ಶಕ್ತಿ ಕಮ್ಮಿ ಇರುವ ಪೈಲಟ್ ಏನು ಮಾಡುತ್ತಾರೆ? ನೆಲದ ಸಾಲ ಪಡೆದು ಓಡುತ್ತಾರೆ, ವೇಗ ಬಂದ ಮೇಲೆ ಸಾಲ ತೀರಿಸಿ ಏರುತ್ತಾರೆ. ಆ ಮೈದಾನದ ತುದಿಯಲ್ಲಿ ಸಿಲ್ವರ್ ಓಕ್ ಸಾಲು ಇದ್ದಿದ್ದರೆ ಅವರು ಬಹುಶಃ ಇನ್ನೊಬ್ಬರನ್ನೂ ಇಳಿಸುತ್ತಿದ್ದರು.

ಇದರ ಉಲ್ಟಾ ಅಪಾಯವೂ ಇದೆ. ಮುಂದಕ್ಕೆ ವೇಗವಿಲ್ಲದೆ, ನೆಟ್ಟಗೆ ಕೆಳಕ್ಕೆ, ಬೇಗ ಬೇಗ ಇಳಿದರೆ ಹೆಲಿಕಾಪ್ಟರ್ ತಾನೇ ತಳ್ಳಿದ ಗಾಳಿಯೊಳಕ್ಕೆ ತಾನೇ ಮುಳುಗುತ್ತದೆ. ಕೆಳಗೆ ಹೋದ ಗಾಳಿ ಚಕ್ರದ ಅಂಚಿನಿಂದ ಸುತ್ತಿಕೊಂಡು ಮತ್ತೆ ಮೇಲೆ ಬಂದು ಸುಳಿಯಾಗುತ್ತದೆ. ಆಗ ಲಿವರ್ ಎತ್ತಿದಷ್ಟೂ ಸುಳಿ ಜೋರಾಗುತ್ತದೆ, ಇಳಿಯುವುದು ನಿಲ್ಲುವುದಿಲ್ಲ. ತಪ್ಪಿಸಿಕೊಳ್ಳುವ ದಾರಿ ಮುಂದಕ್ಕೋ ಪಕ್ಕಕ್ಕೋ ಸರಿದು ಹೊಸ ಗಾಳಿಗೆ ಹೋಗುವುದು. ಇಳಿಯುವಾಗ ಹೆಲಿಕಾಪ್ಟರ್ ದೂರದಿಂದ ಇಳಿಜಾರಿನಲ್ಲಿ ಬರುವುದಕ್ಕೆ ಇದೂ ಒಂದು ಕಾರಣ.

ಮುಂದಕ್ಕೆ ಹೋಗುವಾಗ ಇನ್ನೊಂದು ತಲೆನೋವು ಹುಟ್ಟುತ್ತದೆ. ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಬ್ಲೇಡಿನ ತುದಿ ಸೆಕೆಂಡಿಗೆ 200 ಮೀಟರ್ ಹೋಗುತ್ತಿದೆ, ಹೆಲಿಕಾಪ್ಟರ್ ಮುಂದಕ್ಕೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ಒಂದು ಪಕ್ಕದಲ್ಲಿ ಬ್ಲೇಡ್ ಮುಂದಕ್ಕೆ ಬೀಸುತ್ತಿರುತ್ತದೆ, ಅದಕ್ಕೆ 250ರ ಗಾಳಿ ಸಿಗುತ್ತದೆ. ಇನ್ನೊಂದು ಪಕ್ಕದಲ್ಲಿ ಹಿಂದಕ್ಕೆ ಹೋಗುವ ಬ್ಲೇಡಿಗೆ 150 ಮಾತ್ರ. ಎತ್ತುವ ಬಲ ವೇಗದ ವರ್ಗದಂತೆ ಏರುವುದರಿಂದ ಓರೆ ಒಂದೇ ಇದ್ದರೆ ತುದಿಯಲ್ಲಿ ಒಂದು ಪಕ್ಕದ ಬಲ ಇನ್ನೊಂದರ ಹತ್ತಿರ ಹತ್ತಿರ ಮೂರು ಪಟ್ಟು! ಪಲ್ಟಿ ಹೊಡೆಯಲೇಬೇಕು. ಸ್ಪೇನ್‌ನ ಎಂಜಿನಿಯರ್ ಹುವಾನ್ ದೆ ಲಾ ಸಿಯೆರ್ವಾ ಕಟ್ಟಿದ, ಹೆಲಿಕಾಪ್ಟರ್‌ನ ಹಾಗೆ ತಲೆ ಮೇಲೆ ಬ್ಲೇಡ್ ತಿರುಗುವ ಮೊದಲ ಯಂತ್ರಗಳು (ಆಟೋಜೈರೋ) ಹೀಗೇ ಪಕ್ಕಕ್ಕೆ ಮಗುಚಿದವು. ಆಮೇಲೆ ಆತ ಬ್ಲೇಡಿನ ಬುಡಕ್ಕೆ ಕೀಲು ಹಾಕಿ, ಬಾಗಿಲಿನ ಹಾಗೆ ಮೇಲಕ್ಕೂ ಕೆಳಕ್ಕೂ ಆಡಲು ಬಿಟ್ಟ. ಜಾಸ್ತಿ ಬಲ ಬಂದ ಬ್ಲೇಡ್ ತಾನಾಗಿ ಮೇಲೇಳುತ್ತದೆ. ಏಳುವಾಗ ಗಾಳಿಗೆ ಅದರ ಓರೆ ಕಡಿಮೆಯಾಗಿ ಬಲ ಇಳಿಯುತ್ತದೆ. ಹಿಂದಕ್ಕೆ ಹೋಗುವುದು ಕೆಳಗಿಳಿದು ಬಲ ಗಳಿಸುತ್ತದೆ. ಎರಡೂ ಪಕ್ಕ ಸರಿಹೋಗುತ್ತದೆ. 1923ರ ಜನವರಿಯಲ್ಲಿ ಆ ಯಂತ್ರ ನೆಟ್ಟಗೆ ಹಾರಿತು. ಚೇತಕ್‌ನಲ್ಲೂ ಇಂಥ ಕೀಲುಗಳಿವೆ, ಅವಕ್ಕೆ ಎಣ್ಣೆ ಗ್ರೀಸು ನೋಡಿಕೊಳ್ಳುವುದರಲ್ಲೇ ನಮ್ಮ ಅರ್ಧ ಆಯುಷ್ಯ ಹೋಯಿತು. ನಮ್ಮ ಧ್ರುವ್ ಹೆಲಿಕಾಪ್ಟರ್‌ನಲ್ಲಿ ಆ ಕೀಲುಗಳೇ ಇಲ್ಲ. ಫೈಬರ್‌ನಿಂದ ಮಾಡಿದ ಬ್ಲೇಡಿನ ಬುಡವೇ ಬಿದಿರಿನ ಹಾಗೆ ಬಾಗಿ ಅದೇ ಕೆಲಸ ಮಾಡುತ್ತದೆ. ಈಗಿನ ಹುಡುಗರು ಪುಣ್ಯವಂತರು.

ಬಾಲದ ತುದಿಯ ಪುಟ್ಟ ಫ್ಯಾನ್ ಎತ್ತುವುದಕ್ಕಲ್ಲ. ಎಂಜಿನ್ ರೋಟರನ್ನು ಒಂದು ಕಡೆ ತಿರುಗಿಸಿದರೆ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಆ ಫ್ಯಾನ್. ಅದೂ ಎಂಜಿನ್‌ನ ಶಕ್ತಿಯಲ್ಲೇ ಪಾಲು ತಿನ್ನುತ್ತದೆ.

ಕೊನೆಯ ಪ್ರಶ್ನೆ. ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತಾ? ಇಲ್ಲ, ಪೈಲಟ್ ಒಂದೆರಡು ಸೆಕೆಂಡಿನೊಳಗೆ ಎಡಗೈ ಲಿವರನ್ನು ಕೆಳಕ್ಕೆ ಒತ್ತಿದರೆ. ತೋಟದಲ್ಲಿ ಮಹಾಗನಿ ಮರ ಇದ್ದರೆ ಅದರ ಒಣಬೀಜ ಬೀಳುವುದನ್ನು ನೋಡಿ. ಗಿರಗಿರ ತಿರುಗುತ್ತಾ ನಿಧಾನಕ್ಕೆ ಇಳಿಯುತ್ತದೆ. ಅದಕ್ಕೆ ಯಾವ ಎಂಜಿನ್ ಇದೆ? ಲಿವರ್ ಒತ್ತಿದಾಗ ಬ್ಲೇಡಿನ ಓರೆ ಕಡಿಮೆಯಾಗುತ್ತದೆ. ಹೆಲಿಕಾಪ್ಟರ್ ಇಳಿಯಲು ಶುರುಮಾಡಿದಾಗ ಕೆಳಗಿನಿಂದ ನುಗ್ಗುವ ಗಾಳಿಯೇ, ಜಾತ್ರೆಯ ಗಿರಗಿಟ್ಲೆ ತಿರುಗಿಸಿದ ಹಾಗೆ, ರೋಟರನ್ನು ತಿರುಗಿಸುತ್ತಾ ಇರುತ್ತದೆ. ಎತ್ತರವನ್ನು ಖರ್ಚು ಮಾಡಿ ಸುತ್ತು ಉಳಿಸಿಕೊಳ್ಳುವುದು. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಕಡಿಮೆ ಮಾಡಿ, ಕೊನೇ ಗಳಿಗೆಯಲ್ಲಿ ಲಿವರ್ ಮೇಲಕ್ಕೆಳೆದರೆ, ತಿರುಗುವ ಬ್ಲೇಡಿನಲ್ಲಿ ಉಳಿದ ಶಕ್ತಿ ಒಂದು ಸಲ ಮಾತ್ರ ಎತ್ತಿ ಹಿಡಿಯುತ್ತದೆ. ಎರಡನೇ ಅವಕಾಶ ಇಲ್ಲ. ಪೈಲಟ್‌ಗಳಿಗೆ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ವೇಗವಿಲ್ಲದೆ ನಿಂತಿರುವಾಗ ಎಂಜಿನ್ ಕೈಕೊಟ್ಟರೆ ಮಾತ್ರ ಖರ್ಚು ಮಾಡಲು ಎತ್ತರವೂ ಇಲ್ಲ, ವೇಗವೂ ಇಲ್ಲ. ನಿಮ್ಮೂರ ಹೆಲಿಕಾಪ್ಟರ್ ತಗ್ಗಿನಲ್ಲೇ ಓಡಿದ್ದಕ್ಕೆ ಇದೂ ಕಾರಣ.

ಇದರ ದೊಡ್ಡ ಉದಾಹರಣೆ ನಮ್ಮ ಚೀತಾದ ಫ್ರೆಂಚ್ ಮೂಲರೂಪವಾದ ಲಾಮಾದ್ದು. 1972ರ ಜೂನ್ 21ರಂದು ಜಾನ್ ಬುಲೆ ಎಂಬ ಪೈಲಟ್ ಅದನ್ನು 12,442 ಮೀಟರ್ ಎತ್ತರಕ್ಕೆ ಒಯ್ದ. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹತ್ತಿಕೊಳ್ಳಲಿಲ್ಲ. ಅಷ್ಟೂ ಎತ್ತರವನ್ನು ಮಹಾಗನಿ ಬೀಜದ ಹಾಗೆ ಇಳಿದು ಸುರಕ್ಷಿತವಾಗಿ ನೆಲ ಮುಟ್ಟಿದ.

ಮುಂದಿನ ಸಲ ನಿಮ್ಮೂರಿಗೆ ಹೆಲಿಕಾಪ್ಟರ್ ಬಂದರೆ ಒಂದು ಮಾತು. ಹತ್ತಿರದ ಕಣದಲ್ಲಿ ಕಾಫಿ, ಮೆಣಸು ಹರವಿದ್ದರೆ ಮೊದಲು ಟಾರ್ಪಾಲ್ ಸುತ್ತಿ ಒಳಗಿಡಿ. ಕಾಳು ಹಾರಿ ಹೋಗುವುದಿರಲಿ, ಟಾರ್ಪಾಲೇ ಎದ್ದು, ಸುತ್ತಿ ಬರುವ ಗಾಳಿಯ ಜೊತೆ ಮೇಲಿನಿಂದ ಬ್ಲೇಡಿಗೆ ಸಿಕ್ಕರೆ ದೊಡ್ಡ ಅನಾಹುತ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡೆ ಪ್ಲಾಸ್ಟಿಕ್ ಹಾಳೆ ಹೀಗೆ ಎದ್ದು ಬ್ಲೇಡಿನಿಂದ ಎರಡು ಮಾರು ದೂರದಲ್ಲಿ ತೇಲಿ ಹೋಯಿತು. ಹಾಳೆಯ ಅಂಚಿಗೆ ಕಲ್ಲು ಹೇರಬೇಕಾದವನು ನಾನೇ. ಮಕ್ಕಳನ್ನಂತೂ ಬಾಲದ ಕಡೆಗೆ ಬಿಡಲೇಬೇಡಿ. ತಿರುಗುವ ಆ ಫ್ಯಾನ್ ಕಣ್ಣಿಗೆ ಕಾಣುವುದೇ ಇಲ್ಲ.

ಮಗನಿಗೆ ಒಂದು ಕೆಲಸ ಕೊಡಿ. ಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿ ಇದ್ದರೆ, ಬ್ಯಾಟರಿಯ ಪುಟ್ಟ ಫ್ಯಾನ್ ಒಂದನ್ನು ಅದರ ಮೇಲೆ ಆಕಾಶ ನೋಡುವ ಹಾಗೆ ಮಲಗಿಸಿ ಟೇಪ್ ಹಾಕಲಿ. ಕೆಳಗಿನಿಂದ ಗಾಳಿ ಎಳೆದುಕೊಳ್ಳಲು ಎರಡು ಲೋಟದ ಮೇಲೆ ಎತ್ತಿ ಇಟ್ಟರೆ ಇನ್ನೂ ಒಳ್ಳೆಯದು. ಆರಿದ್ದಾಗ ಎಷ್ಟು ತೂಕ, ಹಚ್ಚಿದಾಗ ಎಷ್ಟು ತೂಕ ಬರೆದುಕೊಳ್ಳಲಿ. ಫ್ಯಾನ್ ಗಾಳಿಯನ್ನು ಮೇಲಕ್ಕೆ ಎಸೆಯುವುದರಿಂದ ತೂಕ ಏರಬೇಕು. ಎಷ್ಟು ಗ್ರಾಂ ಏರಿತು ಅಂತ ನನಗೂ ಬರೆದು ತಿಳಿಸಲಿ.